ಇಟಲಿಯ ಮೂರು ಮಾತು, ನಮ್ಮ ಮನೆಗೂ ಬೇಕಾದ ಮಾತು

ಸಂತ ಡಾನ್ ಬೋಸ್ಕೊರವರ ಹೆಸರನ್ನು ಕೇಳದ ಕಥೋಲಿಕ ಮನೆ ನಮ್ಮಲ್ಲಿ ವಿರಳ. ಆ ಹೆಸರಿನ 'ಡಾನ್' ಎಂಬುದು ಇಟಲಿಯಲ್ಲಿ ಗುರುಗಳನ್ನು ಗೌರವದಿಂದ ಕರೆಯುವ ಪದ; ಅಲ್ಲಿನವರ ಬಾಯಲ್ಲಿ ಅದು 'ದೊನ್'. ಮಾತೆ ಮರಿಯಮ್ಮನವರನ್ನು 'ಮದೊನ್ನ' ಎಂದರೆ 'ನನ್ನ ಒಡತಿ' ಎಂದು ಅರ್ಥ. ಹೀಗೆ ಇಟಾಲಿಯನ್ ಭಾಷೆಯ ಒಂದೆರಡು ಪದಗಳು ನಮಗೆ ತಿಳಿಯದಂತೆಯೇ ನಮ್ಮ ಭಕ್ತಿಯೊಳಗೆ ಸೇರಿಹೋಗಿವೆ.

ಆದರೆ ರೋಮಾಪುರಿಯ ಯಾತ್ರೆಗೆ ಹೊರಟವರಿಗೆ, ಇಟಲಿಯ ಕಾನ್ವೆಂಟಿಗೆ ಸೇವೆಗೆಂದು ತೆರಳುವ ಧರ್ಮಭಗಿನಿಯರಿಗೆ ಇಷ್ಟು ಸಾಲದು. ಪರಸ್ಥಳದಲ್ಲಿ ಮೊದಲು ಕಾಡುವುದು ಚಳಿಯಲ್ಲ, ಮಾತು ಬಾರದ ಮೌನ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಮಕ್ಕಳನ್ನು ದೂರಕ್ಕೆ ಕಳುಹಿಸುವ ತಂದೆತಾಯಿಯರು ಈ ಹತ್ತು ಮಾತುಗಳನ್ನು ಅವರೊಡನೆ ಕಲಿತರೆ ಅದೂ ಒಂದು ಆಶೀರ್ವಾದವೇ ಸರಿ.

ಈ ಕಲಿಕೆಯಲ್ಲಿ ನಾವು ತೀರಿಸಬೇಕಾದ ಋಣವೂ ಇದೆ. 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್‌ಗೆ ತಳಹದಿ ಹಾಕಿದ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು ಇಟಲಿಯವರು. ಅವರು ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶ ಬರೆದರು. ತಮಿಳರು ವೀರಮಾಮುನಿವರ್ ಎಂದು ಗೌರವಿಸುವ ಬೆಸ್ಕಿಯವರು 1680ರಲ್ಲಿ ಜನಿಸಿದ್ದೂ ಇಟಲಿಯಲ್ಲಿಯೇ. ಜನರ ಭಾಷೆಯನ್ನು ಕಲಿಯುವುದು ಜನರನ್ನು ಗೌರವಿಸುವ ಮೊದಲ ಹೆಜ್ಜೆಯೆಂದು ಅವರು ಬಲ್ಲವರಾಗಿದ್ದರು.

ಉಚ್ಚಾರಣೆ ನಮಗೆ ಸುಲಭ

ಇಟಾಲಿಯನ್ ಮಾತುಗಳನ್ನು ಇಂಗ್ಲಿಷಿನ ಅಭ್ಯಾಸದಲ್ಲಿ ಓದಿದರೆ ನಾಲಿಗೆ ತಪ್ಪುತ್ತದೆ. ಕನ್ನಡದಲ್ಲಿ ಬರೆದುಕೊಂಡರೆ ಸರಿಹೋಗುತ್ತದೆ. ಅವರಲ್ಲಿ 'ಟ', 'ಡ' ಇಲ್ಲ. ನಮ್ಮ 'ತ', 'ದ' ಇವೆ. 'ಸಿ' ಅಕ್ಷರದ ಮುಂದೆ 'ಇ' ಅಥವಾ 'ಎ' ಸ್ವರ ಬಂದರೆ ಅದು 'ಚ' ಆಗುತ್ತದೆ. ಚಿನ್ನಾಮಿಯವರ ಹೆಸರೇ ಇದಕ್ಕೆ ಸಾಕ್ಷಿ. ಆದರೆ 'ಸಿ', 'ಎಚ್' ಎರಡೂ ಜೊತೆಗೂಡಿದರೆ ಅದು 'ಕ'. 'ಜಿ', 'ಎನ್' ಕೂಡಿದರೆ ನಾವು ಅಪರೂಪಕ್ಕೆ ಬಳಸುವ 'ಞ' ಸಿದ್ಧವಾಗಿದೆ: 'ಸಿಞೋರ' ಎಂದರೆ ಶ್ರೀಮತಿ. ಒತ್ತಕ್ಷರವನ್ನು ಒತ್ತಿಯೇ ಹೇಳಬೇಕು. 'ಪಾಲ' ಎಂದರೆ ಸಲಿಕೆ, 'ಪಲ್ಲ' ಎಂದರೆ ಚೆಂಡು. ನಮ್ಮ ಹಳಿ ಮತ್ತು ಹಳ್ಳಿ ಇದ್ದಂತೆ. ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ. ನಮ್ಮ ಗಡಿಸೀಮೆಯ ತೆಲುಗನ್ನು ಪಾಶ್ಚಾತ್ಯರು 'ಪೂರ್ವದ ಇಟಾಲಿಯನ್' ಎಂದು ಕರೆದುದು ಈ ಗುಣಕ್ಕಾಗಿಯೇ.

ದಿನಬಳಕೆಯ ಹತ್ತು ಮಾತು

ಬ್ವೊನ್‌ಜೋರ್ನೊ: ಗುಡ್ ಮಾರ್ನಿಂಗ್, ಶುಭದಿನ.
ಬ್ವೊನಸೇರ: ಗುಡ್ ಈವ್ನಿಂಗ್, ಶುಭ ಸಂಜೆ.
ಬ್ವೊನನೊತ್ತೆ: ಗುಡ್ ನೈಟ್, ಮಲಗುವ ಹೊತ್ತಿನ ಮಾತು.
ಕೋಮೆ ಸ್ತಾ?: ಹೌ ಆರ್ ಯೂ, ಹೇಗಿದ್ದೀರಿ?
ಪೆರ್ ಫವೋರೆ: ಪ್ಲೀಸ್, ದಯವಿಟ್ಟು.
ಗ್ರಾತ್ಸ್ಯೆ: ಥ್ಯಾಂಕ್ ಯೂ, ವಂದನೆ.
ಪ್ರೇಗೊ: ಯೂ ಆರ್ ವೆಲ್‌ಕಮ್, ವಂದನೆಗೆ ಮರುಮಾತು. ಮೂಲಾರ್ಥ 'ಬೇಡಿಕೊಳ್ಳುತ್ತೇನೆ'.
ದೊವೆ ಲ ಕ್ಯೇಸ?: ವೇರ್ ಈಸ್ ದ ಚರ್ಚ್, ದೇವಾಲಯ ಎಲ್ಲಿದೆ?
ನೋನ್ ಕಪೀಸ್ಕೊ: ಐ ಡೋಂಟ್ ಅಂಡರ್‌ಸ್ಟ್ಯಾಂಡ್, ಅರ್ಥವಾಗಲಿಲ್ಲ.
ಅರ್ರಿವೆದೇರ್ಚಿ: ಗುಡ್ ಬೈ, ಮತ್ತೆ ಕಾಣೋಣ. ನಮ್ಮ 'ಹೋಗಿ ಬರುತ್ತೇನೆ' ಎಂಬುದರ ಸೋದರಿ.

ಗೌರವದ ಭೇದ ಅಲ್ಲಿಯೂ ಉಂಟು. ಹಿರಿಯರಿಗೆ 'ಕೋಮೆ ಸ್ತಾ', ಗೆಳೆಯರಿಗೆ 'ಕೋಮೆ ಸ್ತಾಯ್'. 'ಚಾವ್' ಎಂಬ ಪ್ರಸಿದ್ಧ ಮಾತು 'ನಿಮ್ಮ ದಾಸ' ಎಂಬರ್ಥದ ವೆನಿಸ್ ನುಡಿಯಿಂದ ಹುಟ್ಟಿದ್ದರೂ ಇಂದು ಸಲಿಗೆಯವರಿಗೆ ಮಾತ್ರ. ಗುರುಗಳಿಗೆ, ಅಪರಿಚಿತ ಹಿರಿಯರಿಗೆ ಅದು ಸಲ್ಲದು.

ಮನೆಯೊಳಗಿನ ಮೂರು ಮಾತು

2025ರಲ್ಲಿ ದೈವಾಧೀನರಾದ ಪೋಪ್ ಜಗದ್ಗುರು ಫ್ರಾನ್ಸಿಸರು 2015ರ ಮೇ 13ರಂದು ರೋಮಿನಲ್ಲಿ ಕುಟುಂಬಗಳಿಗೆ ಉಪದೇಶಿಸುತ್ತಾ ಮೂರು ಇಟಾಲಿಯನ್ ಮಾತುಗಳನ್ನು ಎತ್ತಿ ಹೇಳಿದರು: ಪೆರ್ಮೆಸ್ಸೊ, ಗ್ರಾತ್ಸ್ಯೆ, ಸ್ಕೂಸ. 'ಅಪ್ಪಣೆಯೇ', 'ವಂದನೆ', 'ಕ್ಷಮಿಸು'. ಮರುವರ್ಷದ 'ಅಮೋರಿಸ್ ಲೆತೀಸಿಯ' ಎಂಬ ಪ್ರೇರಣಾಪತ್ರದಲ್ಲಿಯೂ ಅವನ್ನೇ ನೆನಪಿಸಿದರು. ಪೆರ್ಮೆಸ್ಸೊ ಎಂಬುದು ಇಟಲಿಯವರು ಪರರ ಮನೆಯ ಹೊಸ್ತಿಲಲ್ಲಿ ನಿಂತು ಕೇಳುವ ಮಾತು. ಅದನ್ನು ಸ್ವಂತ ಮನೆಯೊಳಗೂ ಆಡಿರೆಂಬುದು ಅವರ ಬುದ್ಧಿಮಾತಿನ ಸಾರ.

ನಮ್ಮವರಲ್ಲಿ ಹೆಂಡತಿಗೆ, ಮಕ್ಕಳಿಗೆ ವಂದನೆ ಹೇಳುವ ರೂಢಿಯಿಲ್ಲ. 'ಮನೆಯವರಿಗೆ ಏನು ಉಪಚಾರ' ಎನ್ನುತ್ತೇವೆ. ಪ್ರೀತಿಯಿದ್ದಲ್ಲಿ ಮಾತು ಬೇಕಿಲ್ಲವೆಂಬುದು ನಿಜ. ಆದರೆ ಆ ಮೌನವೇ ಎಷ್ಟೋ ಮನೆಗಳಲ್ಲಿ ಉದಾಸೀನಕ್ಕೆ ಮರೆಯಾಗಿದೆ. ಮುದ್ದೆ ಸಾರು ಬಡಿಸಿದ ಕೈ ಒಂದು ಒಳ್ಳೆಯ ಮಾತಿಗಾಗಿ ವರ್ಷಗಟ್ಟಲೆ ಕಾಯುತ್ತದೆ. ತಪ್ಪು ತನ್ನದೆಂದು ತಿಳಿದ ತಂದೆ ಮಗನೆದುರು ಅದನ್ನು ಒಪ್ಪಲಾರದೆ ದಿನಗಳನ್ನು ದೂಡುತ್ತಾನೆ. ಸೂರ್ಯ ಮುಳುಗುವ ಮುನ್ನ ಕೋಪ ಇಳಿಯಲೆಂದು ಸಂತ ಪೌಲರು ಎಫೆಸದವರಿಗೆ ಬರೆದುದು ಇಂತಹ ಮನೆಗಳಿಗಾಗಿಯೇ.

ಆದುದರಿಂದ ಈ ವಾರ ಸಂಜೆಯ ಜಪಸರ ಮುಗಿದ ಮೇಲೆ ಮಕ್ಕಳೊಡನೆ ಕುಳಿತು ಈ ಮಾತುಗಳನ್ನು ಗಟ್ಟಿಯಾಗಿ ಹೇಳಿ ನೋಡೋಣ. ಹತ್ತು ಮಾತು ಪ್ರವಾಸಕ್ಕೆ ಒದಗಲಿ. ಉಳಿದ ಮೂರನ್ನು ಕನ್ನಡದಲ್ಲಿಯೋ, ತೆಲುಗಿನಲ್ಲಿಯೋ, ತಮಿಳಿನಲ್ಲಿಯೋ, ನಮ್ಮ ನಮ್ಮ ಮನೆಮಾತಿನಲ್ಲಿ ಅಂದೇ ಆಡಿಬಿಡೋಣ.