ಬಾಹ್ಯ ಮೈಕ್ರೊಫೋನ್ (ವಿಡಿಯೋ ಕ್ಯಾಮೆರಾ)

ಬಾಹ್ಯ ಮೈಕ್ರೊಫೋನ್ ಎಂಬುದು ವಿಡಿಯೋ ಕ್ಯಾಮೆರಾದ ಒಳಗೇ ಅಳವಡಿಸಿರುವ ಮೈಕ್ರೊಫೋನಿಗೆ ಬದಲಾಗಿ, ಹೊರಗಿನಿಂದ ಜೋಡಿಸಿ ಬಳಸುವ ಧ್ವನಿಗ್ರಹಣ ಸಾಧನವಾಗಿದೆ. ರೂಢಿಯಲ್ಲಿ ಇದನ್ನು ಮೈಕ್ ಎಂದು ಕರೆಯುತ್ತಾರೆ. ಸಂದರ್ಶನ, ಉಪನ್ಯಾಸ, ನಾಟಕ, ಸಂಗೀತ ಕಛೇರಿ ಮೊದಲಾದವುಗಳ ಚಿತ್ರೀಕರಣದಲ್ಲಿ ಇದು ಬಳಕೆಯಾಗುತ್ತದೆ. ಮೈಕನ್ನು ಧ್ವನಿಯ ಮೂಲಕ್ಕೆ ಎಷ್ಟು ಹತ್ತಿರ ಇರಿಸಬಹುದು, ಅದು ಯಾವ ದಿಕ್ಕಿನ ಧ್ವನಿಯನ್ನು ಗ್ರಹಿಸುತ್ತದೆ ಮತ್ತು ಕ್ಯಾಮೆರಾದಲ್ಲಿ ಯಾವ ಬಗೆಯ ಜೋಡಣೆ ಇದೆ ಎಂಬ ಮೂರು ಅಂಶಗಳು ಆಯ್ಕೆಯನ್ನು ನಿರ್ಧರಿಸುತ್ತವೆ. ಇವುಗಳಲ್ಲಿ ಮೊದಲನೆಯದು ಅತಿ ಮುಖ್ಯವಾದುದು.

ಅಗತ್ಯ

ಕ್ಯಾಮೆರಾದ ಜೂಮ್ ಮಸೂರವು ದೂರದ ದೃಶ್ಯವನ್ನು ಹತ್ತಿರಕ್ಕೆ ತಂದಂತೆ ತೋರಿಸುತ್ತದೆ. ಧ್ವನಿಗೆ ಅಂತಹ ಅನುಕೂಲವಿಲ್ಲ. ಬಯಲಿನಲ್ಲಿ ದೂರವು ಇಮ್ಮಡಿಯಾದಾಗಲೆಲ್ಲ ಧ್ವನಿಯ ಮಟ್ಟವು ಸುಮಾರು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಮಾತನಾಡುವವರಿಂದ ಅರ್ಧ ಮೀಟರ್ ದೂರದಲ್ಲಿರುವ ಮೈಕಿಗೆ ಹೋಲಿಸಿದರೆ, 4 ಮೀಟರ್ ದೂರದ ಕ್ಯಾಮೆರಾಕ್ಕೆ ಅದೇ ಮಾತು ಸುಮಾರು 18 ಡೆಸಿಬೆಲ್ ಕಡಿಮೆಯಾಗಿ ತಲುಪುತ್ತದೆ. ಆದರೆ ಸುತ್ತಲಿನ ಫ್ಯಾನಿನ ಸದ್ದು, ವಾಹನಗಳ ಸದ್ದು ಮತ್ತು ಗೋಡೆಗಳ ಅನುರಣನ ಅಷ್ಟಾಗಿ ಕುಗ್ಗುವುದಿಲ್ಲ. ಇದರಿಂದ ಮಾತು ಗದ್ದಲದಲ್ಲಿ ಮುಳುಗುತ್ತದೆ. ಕ್ಯಾಮೆರಾದ ಒಳಗಿನ ಮೈಕು ಮಸೂರದ ಮೋಟಾರಿನ ಸದ್ದನ್ನೂ ಕೈ ತಾಗಿದ ಸದ್ದನ್ನೂ ಗ್ರಹಿಸುವುದುಂಟು. ಹೀಗೆ ಬೆರೆತುಹೋದ ಧ್ವನಿಯನ್ನು ಸಂಕಲನದ ಹಂತದಲ್ಲಿ ಸ್ವಲ್ಪ ಸುಧಾರಿಸಬಹುದೇ ಹೊರತು ಪೂರ್ಣವಾಗಿ ಬೇರ್ಪಡಿಸುವುದು ಕಷ್ಟ.

ವಿಧಗಳು

ಇಂತಹ ಸಣ್ಣ ಮೈಕುಗಳಲ್ಲಿ ಹಲವು ಎಲೆಕ್ಟ್ರೆಟ್ ತಂತ್ರವನ್ನು ಆಧರಿಸಿವೆ. ತೆಳು ಹಾಳೆಯ ಎಲೆಕ್ಟ್ರೆಟ್ ಮೈಕನ್ನು 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ರೂಪಿಸಿದರು.

ಕಾಲರ್ ಮೈಕ್: ಉಡುಪಿಗೆ ಸಿಕ್ಕಿಸುವ ಪುಟ್ಟ ಮೈಕ್. ಸಾಮಾನ್ಯವಾಗಿ ಎಲ್ಲ ದಿಕ್ಕುಗಳ ಧ್ವನಿಯನ್ನೂ ಗ್ರಹಿಸುತ್ತದೆ. ಗಲ್ಲದಿಂದ ಒಂದು ಗೇಣು ಕೆಳಗೆ ಇರಿಸಿದರೆ ಮಾತು ಸ್ಪಷ್ಟವಾಗಿ ದಾಖಲಾಗುತ್ತದೆ. ಸೆರಗು ಅಥವಾ ಕೊರಳ ಸರ ತಾಗದಂತೆ ನೋಡಿಕೊಳ್ಳಬೇಕು.

ಶಾಟ್‌ಗನ್ ಮೈಕ್: ಉದ್ದನೆಯ ಕೊಳವೆಯಾಕಾರದ ಮೈಕ್. ಕೊಳವೆಯ ಸೀಳುಗಳ ಮೂಲಕ ಪಕ್ಕಗಳಿಂದ ಬರುವ ಧ್ವನಿತರಂಗಗಳು ಒಂದನ್ನೊಂದು ಕುಗ್ಗಿಸುವುದರಿಂದ ಎದುರಿನ ಧ್ವನಿ ಎದ್ದುಕಾಣುತ್ತದೆ. ಇದು ದೂರದರ್ಶಕದಂತೆ ಧ್ವನಿಯನ್ನು ಹತ್ತಿರಕ್ಕೆ ಎಳೆಯುವುದಿಲ್ಲ. ಹೊರಾಂಗಣದಲ್ಲಿ ಉಪಯುಕ್ತ. ಪ್ರತಿಫಲನ ಹೆಚ್ಚಿರುವ ಚಿಕ್ಕ ಕೋಣೆಗಳಲ್ಲಿ ಇದರ ಫಲಿತಾಂಶ ಅಷ್ಟು ಚೆನ್ನಾಗಿರುವುದಿಲ್ಲ.

ಕೈಮೈಕ್: ಇವುಗಳಲ್ಲಿ ಹಲವು ಡೈನಮಿಕ್ ಮಾದರಿಯವು. ವಿದ್ಯುತ್ ಪೂರೈಕೆ ಬೇಡ, ಜೋರು ಧ್ವನಿಯನ್ನೂ ತಾಳುತ್ತವೆ. ಆದರೆ ಇವುಗಳ ಸಂಕೇತ ದುರ್ಬಲವಾದ್ದರಿಂದ ಸಣ್ಣ ಕ್ಯಾಮೆರಾಗಳಲ್ಲಿ ಮೊರೆತ ಸೇರಿಕೊಳ್ಳಬಹುದು.

ನಿಸ್ತಂತು ಮೈಕ್: ಕಾಲರ್ ಮೈಕನ್ನೋ ಕೈಮೈಕನ್ನೋ ತಂತಿಯಿಲ್ಲದೆ ಬಳಸುವ ವ್ಯವಸ್ಥೆ. ಅನೇಕ ಮಾದರಿಗಳು 2.4 ಗಿಗಾಹರ್ಟ್ಸ್ ತರಂಗಗಳನ್ನು ಬಳಸುತ್ತವೆ. ಗೋಡೆ, ಜನಸಂದಣಿ ಮತ್ತು ವೈಫೈ ಸಂಕೇತಗಳಿಂದ ಅಡಚಣೆ ಉಂಟಾಗಬಹುದು.

ಜೋಡಣೆ

ಸಣ್ಣ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ 3.5 ಮಿಲಿಮೀಟರ್ ಸಾಕೆಟ್ ಇರುತ್ತದೆ. ಮೊಬೈಲ್ ಫೋನಿಗಾಗಿ ತಯಾರಿಸಿದ ಮೈಕಿನ ಪಿನ್ನಿನಲ್ಲಿ ನಾಲ್ಕು ಸ್ಪರ್ಶಬಿಂದುಗಳಿದ್ದು, ಕ್ಯಾಮೆರಾದ ಮೈಕಿನ ಪಿನ್ನಿನಲ್ಲಿ ಸಾಮಾನ್ಯವಾಗಿ ಮೂರು ಇರುತ್ತವೆ. ಆದ್ದರಿಂದ ಇವುಗಳ ನಡುವೆ ಅಡಾಪ್ಟರ್ ಬೇಕಾಗಬಹುದು. ಎಕ್ಸ್‌ಎಲ್‌ಆರ್ ಜೋಡಣೆಯ ವೃತ್ತಿಪರ ಮೈಕುಗಳಲ್ಲಿ ಹಲವಕ್ಕೆ 48 ವೋಲ್ಟ್ ಪೂರೈಕೆ ಅಗತ್ಯ. ಅದನ್ನು ಒದಗಿಸದ ಕ್ಯಾಮೆರಾಕ್ಕೆ ಅಂತಹ ಮೈಕನ್ನು ಕೊಂಡರೆ ಹೆಚ್ಚುವರಿ ಉಪಕರಣವೂ ಬೇಕಾಗುತ್ತದೆ. ಮೈಕ್ ಸಾಕೆಟ್ ಇಲ್ಲದ ಕ್ಯಾಮೆರಾವನ್ನು ಬಳಸುವವರು ಪ್ರತ್ಯೇಕ ರೆಕಾರ್ಡರಿನಲ್ಲಿ ಧ್ವನಿಯನ್ನು ದಾಖಲಿಸಿ, ಆರಂಭದಲ್ಲಿ ತಟ್ಟಿದ ಚಪ್ಪಾಳೆಯ ಗುರುತಿನಿಂದ ಅದನ್ನು ಚಿತ್ರಕ್ಕೆ ಹೊಂದಿಸುತ್ತಾರೆ.

ಸಂದರ್ಭಕ್ಕೆ ತಕ್ಕ ಆಯ್ಕೆ

ಹಿರಿಯರ ನೆನಪುಗಳು, ಜನಪದ ಹಾಡುಗಳು, ಪ್ರಾದೇಶಿಕ ಉಪಭಾಷೆಗಳು ಮುಂತಾದವುಗಳ ದಾಖಲೀಕರಣದಲ್ಲಿ ಚಿತ್ರಕ್ಕಿಂತ ಮಾತೇ ಪ್ರಧಾನ. ಚಿತ್ರ ತುಸು ಮಸುಕಾದರೂ ದಾಖಲೆ ಉಳಿಯುತ್ತದೆ. ಪದಗಳು ಕೇಳಿಸದಿದ್ದರೆ ದಾಖಲೆಯ ಉದ್ದೇಶವೇ ವಿಫಲವಾಗುತ್ತದೆ. ಹಾಡಿದವರು ಮತ್ತೊಮ್ಮೆ ಹಾಡಲು ಇಲ್ಲದಿರಬಹುದು. ಇಂತಹ ಕೆಲಸಕ್ಕೆ, ಕ್ಯಾಮೆರಾದ ಮೇಲೆ ಕೂರಿಸಿದ ದುಬಾರಿ ಮೈಕಿಗಿಂತ ಎದೆಯ ಬಳಿ ಸಿಕ್ಕಿಸಿದ ಸಾಧಾರಣ ಕಾಲರ್ ಮೈಕ್ ಹೆಚ್ಚು ಪ್ರಯೋಜನಕಾರಿ.

ಯಕ್ಷಗಾನದಂತಹ ರಂಗಪ್ರದರ್ಶನಗಳ ಸಮಸ್ಯೆ ಬೇರೆ. ಚೆಂಡೆಯ ಪೆಟ್ಟು ಬಿದ್ದಾಗ ಕ್ಯಾಮೆರಾದ ಸ್ವಯಂಚಾಲಿತ ಧ್ವನಿನಿಯಂತ್ರಣವು ಒಟ್ಟು ಧ್ವನಿಯನ್ನು ತಗ್ಗಿಸುವುದರಿಂದ ಭಾಗವತರ ಹಾಡು ಕ್ಷಣಕಾಲ ಕುಗ್ಗುತ್ತದೆ. ಧ್ವನಿಯ ಮಟ್ಟವನ್ನು ಕೈಯಾರೆ ನಿಗದಿಪಡಿಸುವುದು ಇದಕ್ಕೆ ಪರಿಹಾರ. ರಂಗದ ಧ್ವನಿವರ್ಧಕ ವ್ಯವಸ್ಥೆಯ ಮಿಕ್ಸರಿನಿಂದಲೂ ಸಂಕೇತವನ್ನು ಪಡೆಯಬಹುದು. ಅದು ಮೈಕಿನ ಸಂಕೇತಕ್ಕಿಂತ ಬಹಳ ಪ್ರಬಲವಾದ್ದರಿಂದ ತಗ್ಗಿಸಿಯೇ ಕ್ಯಾಮೆರಾಕ್ಕೆ ಕೊಡಬೇಕು.

ಬಳಕೆಯ ಎಚ್ಚರಿಕೆಗಳು

ಒಳಾಂಗಣದಲ್ಲಿ ಸ್ಪಂಜಿನ ಹೊದಿಕೆ ಸಾಕಾಗುತ್ತದೆ. ಬಯಲಿನಲ್ಲಿ ಗಾಳಿಯ ಬಡಿತವನ್ನು ತಡೆಯಲು ತುಪ್ಪಳದಂತಹ ಹೊದಿಕೆ ಬೇಕು. ಚಿತ್ರೀಕರಣಕ್ಕೆ ಮುನ್ನ ಒಂದು ನಿಮಿಷ ದಾಖಲಿಸಿ ಹೆಡ್‌ಫೋನಿನಲ್ಲಿ ಕೇಳುವುದು ಅವಶ್ಯಕ. ಪಿನ್ ಸಡಿಲವಾಗಿದ್ದರೂ ಮೈಕಿನ ಬ್ಯಾಟರಿ ಮುಗಿದಿದ್ದರೂ ಕ್ಯಾಮೆರಾದ ಪರದೆಯ ಮೇಲಿನ ಚಿತ್ರದಲ್ಲಿ ಯಾವ ವ್ಯತ್ಯಾಸವೂ ಕಾಣಿಸುವುದಿಲ್ಲ.