ಕಡಲಾಮೆಯ ಮೊಟ್ಟೆಗೆ ಕಾವು

ಕೋಳಿಯು ಮೊಟ್ಟೆಗಳ ಮೇಲೆ ಕುಳಿತು ಕಾವು ಕೊಡುವುದನ್ನು ವಾಚಕರೆಲ್ಲರೂ ಕಂಡಿರುವರು. ಕಡಲಾಮೆಗೆ ಈ ಉಪಚಾರ ತಿಳಿಯದು. ಶರಾವತಿಯು ಕಡಲನ್ನು ಸೇರುವೆಡೆಯಲ್ಲಿ, ಹೊನ್ನಾವರಕ್ಕೆ ಎದುರಾಗಿ ದಕ್ಷಿಣ ದಡದಲ್ಲಿ ಕಾಸರಕೋಡ ಇದೆ. ಇಲ್ಲಿಯ ಟೊಂಕದ ಮರಳಿಗೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಜಾತಿಯ ಹೆಣ್ಣಾಮೆ ಏರಿಬರುತ್ತದೆ. ಹಿಂಗಾಲುಗಳಿಂದ ಒಂದೂವರೆ ಅಡಿಯಷ್ಟು ಆಳದ, ಹೂಜಿಯಾಕಾರದ ಕುಳಿ ತೋಡಿ, ಸುಮಾರು ನೂರು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಹೊರಟುಹೋಗುತ್ತದೆ. ಮುಂದೆ 45ರಿಂದ 60 ದಿನಗಳ ಕಾಲ ಮರಳೇ ಕಾವುಪೆಟ್ಟಿಗೆ.

ಕೋಳಿಮೊಟ್ಟೆಯ ಪೆಟ್ಟಿಗೆಯನ್ನು ಮನೆಯಲ್ಲಿ ಮಾಡಬಲ್ಲವನು ಆಮೆಯ ಮೊಟ್ಟೆಗೂ ಅದೇ ಸಾಕೆಂದು ತಿಳಿದರೆ ಒಂದು ಮರಿಯೂ ಉಳಿಯದು. ಕೋಳಿಮೊಟ್ಟೆಗೆ 37.5 ಡಿಗ್ರಿ ಸೆಂಟಿಗ್ರೇಡ್ ಬೇಕು. ಆಮೆಯ ಮೊಟ್ಟೆಗೆ 30ರ ಆಸುಪಾಸು ಸಾಕು, 35ರಲ್ಲಿ ಬಹುಕಾಲ ಇದ್ದರೆ ಭ್ರೂಣ ಸಾಯುತ್ತದೆ. ಕೋಳಿಮೊಟ್ಟೆಯನ್ನು ದಿನಕ್ಕೆ ಹಲವು ಬಾರಿ ಹೊರಳಿಸಬೇಕು. ಆಮೆಯದನ್ನು ಹೊರಳಿಸಲೇ ಕೂಡದು. ಇಟ್ಟ ಕೆಲವೇ ತಾಸುಗಳಲ್ಲಿ ಭ್ರೂಣವು ಚಿಪ್ಪಿನ ಮೇಲ್ಭಾಗದ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ ಅದರ ಬೆಳವಣಿಗೆ ಅಲ್ಲಿಗೇ ನಿಲ್ಲಬಹುದು. ಅಲೆ ಮುಟ್ಟುವೆಡೆಯ ಗೂಡನ್ನು ಬದಲಿಸಬೇಕಾದರೆ ಆದಷ್ಟು ಬೇಗ, ಮೇಲುಭಾಗ ಮೇಲಾಗಿಯೇ ಇರುವಂತೆ ಸಾಗಿಸಬೇಕೆಂಬ ನಿಯಮಕ್ಕೆ ಇದೇ ಕಾರಣ.

ತೇವದ ವಿಷಯವೂ ಸೂಕ್ಷ್ಮವೇ. ಕಡಲಾಮೆಯ ಮೊಟ್ಟೆಯ ಚಿಪ್ಪು ತೊಗಲಿನಂತೆ ಮೆದು. ಅದು ಸುತ್ತಲಿನ ಮರಳಿನಿಂದ ನೀರನ್ನು ಹೀರುತ್ತದೆ, ಮರಳು ಒಣಗಿದರೆ ತಾನೇ ನೀರು ಕಳೆದುಕೊಂಡು ಕುಗ್ಗುತ್ತದೆ. ಹಾಗೆಂದು ನೀರು ನಿಂತರೆ ಭ್ರೂಣಕ್ಕೆ ಆಮ್ಲಜನಕವಿಲ್ಲ. ಹಿಡಿಯಲ್ಲಿ ಹಿಸುಕಿದಾಗ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಇದಕ್ಕಿಂತ ಸುಲಭವಾದ ಪರೀಕ್ಷೆ ನನಗೆ ಕಾಣದು.

ಇನ್ನು ಎಲ್ಲಕ್ಕಿಂತ ವಿಚಿತ್ರವಾದುದು. ಮನುಷ್ಯರಲ್ಲಿ ಗಂಡೋ ಹೆಣ್ಣೋ ಎಂಬುದು ಗರ್ಭ ಕಟ್ಟುವಾಗಲೇ ನಿರ್ಧಾರವಾಗುವುದಷ್ಟೆ. ಹಲವು ಸರೀಸೃಪಗಳಲ್ಲಿ ಅದನ್ನು ನಿರ್ಧರಿಸುವುದು ಕಾವಿನ ಉಷ್ಣತೆ. 1966ರಲ್ಲಿ ಮದ್ಲೆನ್ ಶಾರ್ನಿಯೇ ಎಂಬ ವಿಜ್ಞಾನಿ ಆಫ್ರಿಕದ ಓತಿಕೇತವೊಂದರಲ್ಲಿ ಇದನ್ನು ಮೊದಲು ಗುರುತಿಸಿದರು. ಕಡಲಾಮೆಗಳಲ್ಲಿ ಕಾವಿನ ನಡುವಣ ಮೂರನೆಯ ಒಂದು ಭಾಗದ ಕಾಲ ನಿರ್ಣಾಯಕ: ಸುಮಾರು 29–30 ಡಿಗ್ರಿಗಿಂತ ಬೆಚ್ಚಗಿದ್ದರೆ ಹೆಣ್ಣು ಹೆಚ್ಚು, ತಂಪಾಗಿದ್ದರೆ ಗಂಡು. ನಮ್ಮ ಮೊಸಳೆಯ ಲೆಕ್ಕ ಬೇರೆ. ಅದರಲ್ಲಿ 31 ಡಿಗ್ರಿಯವರೆಗೆ ಹೆಣ್ಣು, 32.5ರ ಸುತ್ತ ಬಹುಪಾಲು ಗಂಡು. ಚೆನ್ನೈ ಬಳಿಯ ಮೊಸಳೆ ಉದ್ಯಾನದಲ್ಲಿ ನಡೆದ ಪ್ರಯೋಗಗಳು ಇದನ್ನು ತೋರಿಸಿವೆ. ಎರಡು ಡಿಗ್ರಿ ತಪ್ಪಿದ ಪೆಟ್ಟಿಗೆಯಿಂದ ಆರೋಗ್ಯವಂತ ಮರಿಗಳೇ ಹೊರಬಂದಾವು, ಆದರೆ ಅವೆಲ್ಲ ಒಂದೇ ಲಿಂಗದವಾದರೆ ಮುಂದಿನ ಪೀಳಿಗೆಯ ಗತಿಯೇನು? ಭೂಮಿ ಬಿಸಿಯೇರುತ್ತಿರುವ ಈ ಕಾಲದಲ್ಲಿ ತೆರೆದ ಮರಳಿಗೂ ಇದೇ ಪ್ರಶ್ನೆ.

ಆದುದರಿಂದ ಕಾಸರಕೋಡಿನಲ್ಲಿ ಅರಣ್ಯ ಇಲಾಖೆಯವರೂ ಮೀನುಗಾರರೂ ಗೂಡಿಗೆ ಬಲೆಯ ಬೇಲಿ ಕಟ್ಟಿ ನಾಯಿ ನರಿಗಳಿಂದ ಕಾಯುವುದು ಯಾವ ಪೆಟ್ಟಿಗೆಗಿಂತಲೂ ಮೇಲು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಈ ಮೊಟ್ಟೆಗಳನ್ನು ಮನೆಗೆ ಒಯ್ಯುವುದು ಅಪರಾಧವೂ ಹೌದು.

ವಿದ್ಯಾರ್ಥಿಗಳು ಮೊಟ್ಟೆಯಿಲ್ಲದೆಯೇ ಪ್ರಯೋಗ ಮಾಡಬಹುದು. ಗೂಡುಗಳಿಲ್ಲದ ಕಡೆ, ಶಾಲೆಯ ಅಂಗಳದಲ್ಲಾದರೂ ಸರಿ, ಒಂದೂವರೆ ಅಡಿ ಆಳದ ಎರಡು ಕುಳಿ ತೋಡಿ, ತಳದಲ್ಲಿ ಉಷ್ಣಮಾಪಕವಿಟ್ಟು ತೇವದ ಮರಳು ತುಂಬಿರಿ. ಒಂದರ ಮೇಲೆ ತೆಂಗಿನ ಮಡಲಿನ ಚಪ್ಪರ ಹಾಕಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದು ವಾರ ಅಂಕಿಗಳನ್ನು ಬರೆದಿಡಿ. ಮೇಲ್ಮೈ ಮರಳು ಕಾಲು ಸುಡುವಷ್ಟು ಕಾದಿರುವಾಗಲೂ ಆಳದ ಅಂಕಿ ಎಷ್ಟು ಕಡಮೆ ಏರಿಳಿಯುವುದೆಂದು ಆಗ ಕಾಣುವುದು. ನೆರಳು ತಂದ ವ್ಯತ್ಯಾಸವು ಎಷ್ಟು ಡಿಗ್ರಿಯೆಂಬುದೂ ತಿಳಿಯುವುದು.