ಆನೆ ತೋರಿಸುತ್ತೇನೆಂದು ಹೇಳಿದ್ದೆ

ಹಟ ಹಿಡಿದು ಕೂತಿದ್ದ ಐದು ವರ್ಷದ ಮೊಮ್ಮಗನಿಗೆ ಒಂದು ರಾತ್ರಿ ಹೇಳಿದೆ: ‘ತಟ್ಟೆ ಖಾಲಿ ಮಾಡು. ಭಾನುವಾರ ಹಳೇಬೀಡಿಗೆ ಕರ್ಕೊಂಡು ಹೋಗಿ ಆನೆ ತೋರಿಸ್ತೀನಿ.’ ತಟ್ಟೆ ಖಾಲಿಯಾಯಿತು. ಭಾನುವಾರ ಬಂತು, ಜೊತೆಗೆ ನನ್ನ ಮಂಡಿನೋವೂ ಬಂತು. ‘ಮುಂದಿನ ವಾರ ನೋಡೋಣ’ ಎಂದೆ.

ಅವನು ಅಳಲಿಲ್ಲ. ‘ದಾದಾ, ಊಟ ಮಾಡ್ಸೋಕೆ ಹಾಗೆ ಹೇಳಿದ್ರಾ?’ ಎಂದು ಕೇಳಿ ಹಿತ್ತಲಿಗೆ ಹೋದ.

ನನ್ನ ಹೆಂಡತಿ ಅಡುಗೆಮನೆಯಿಂದಲೇ ಒಂದು ಹದೀಸ್ ನೆನಪಿಸಿದಳು. ಒಬ್ಬ ತಾಯಿ ‘ಬಾ, ಏನೋ ಕೊಡ್ತೀನಿ’ ಎಂದು ಮಗನನ್ನು ಕರೆದಳು. ಅವರ ಮನೆಯಲ್ಲೇ ಕೂತಿದ್ದ ಪ್ರವಾದಿ ಮುಹಮ್ಮದರು, ಏನು ಕೊಡುತ್ತೀಯೆಂದು ವಿಚಾರಿಸಿದರು. ಖರ್ಜೂರ ಎಂದಳು. ಏನೂ ಕೊಡದಿದ್ದರೆ ನಿನ್ನ ಲೆಕ್ಕದಲ್ಲಿ ಒಂದು ಸುಳ್ಳು ಬರೆಯಲಾಗುತ್ತಿತ್ತು ಎಂದರಂತೆ. ಅಬೂ ದಾವೂದರ ಸಂಗ್ರಹದಲ್ಲಿ ಇದೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ಮುದುಕನಾದ ನನಗೆ ಆ ‘ಬರೆಯುವ’ ಮಾತು ನಾಟಿತು.

ನಮ್ಮಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ‘ಬಿಸ್ಮಿಲ್ಲಾ’ ಮಾಡಿಸುವ ರೂಢಿಯಿದೆ, ಅಕ್ಷರಾಭ್ಯಾಸ ಇದ್ದ ಹಾಗೆ. ಬಲಗೈಯಲ್ಲಿ ಉಣ್ಣು, ಹಿರಿಯರಿಗೆ ಸಲಾಂ ಹೇಳು, ವಜೂ ಮಾಡುವಾಗ ನೀರು ಪೋಲು ಮಾಡಬೇಡ, ಪಕ್ಕದವರ ಮರದ ಕಾಯಿ ನಮ್ಮ ಹಿತ್ತಲಿಗೆ ಬಿದ್ದರೆ ಅವರಿಗೇ ಕೊಟ್ಟು ಬಾ. (ಅರಸೀಕೆರೆಯಲ್ಲವೇ, ತೆಂಗಿನಕಾಯಿಯ ಪಾಠ ಬೇಗ ಬೇಕಾಗುತ್ತದೆ!) ಇಷ್ಟನ್ನೂ ಅವನಿಗೆ ಕಲಿಸಿದ್ದು ನಾನೇ.

‘ತಪ್ಪಾಯ್ತು ಕಂದಾ’ ಎಂದೆ. ಮಂಡಿಗೆ ಎಣ್ಣೆ ಹಚ್ಚಿಕೊಂಡು ಜಾವಗಲ್ ದಾರಿಯ ಬಸ್ಸು ಹತ್ತಿದೆವು.

ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಆನೆಗಳ ಸಾಲು ಎಲ್ಲಕ್ಕಿಂತ ಕೆಳಗಿದೆ, ಮಕ್ಕಳಿಗೆಂದೇ ಕೆತ್ತಿದಂತೆ. ಅವನಿಗೆ ಇಪ್ಪತ್ತರವರೆಗೆ ಎಣಿಸಲು ಬರುತ್ತದೆ. ಆಮೇಲೆ ಮತ್ತೆ ಒಂದರಿಂದ ಶುರು. ನಡುವೆ ಟೋಪಿ ಸರಿಮಾಡಿಕೊಳ್ಳುತ್ತ ಕೇಳಿದ: ‘ದಾದಾ, ಇದು ಅವರ ದೇವಸ್ಥಾನ. ನಾವು ಬರಬಹುದಾ?’

ಬೇಲೂರಿನ ಚೆನ್ನಕೇಶವನ ತೇರಿನ ವಿಷಯ ಹೇಳಿದೆ. ತೇರು ಎಳೆಯುವ ಮುನ್ನ ದೊಡ್ಡಮೇದೂರಿನ ಖಾಜಿಗಳು ಕುರಾನ್ ಓದುವುದು ತಲೆಮಾರುಗಳಿಂದ ನಡೆದು ಬಂದದ್ದು. ಈಚಿನ ವರ್ಷಗಳಲ್ಲಿ ಅದಕ್ಕೆ ತಕರಾರು ಎದ್ದದ್ದನ್ನು ಮಾತ್ರ ಹೇಳಲಿಲ್ಲ. ಅದೂ ಒಂದು ಸುಳ್ಳೇ? ಬಸ್ಸಿನಲ್ಲಿ ಕೂತು ಯೋಚಿಸಿದೆ, ತೀರ್ಮಾನಕ್ಕೆ ಬರಲಾಗಲಿಲ್ಲ.

‘ನಂಗೂ ತೇರು ತೋರಿಸ್ತೀರಾ?’

‘ಇನ್ಷಾ ಅಲ್ಲಾ.’

‘ಅಂದ್ರೆ ಹೋಗಲ್ಲ ಅಂತಾನಾ?’

ಚೈತ್ರದಲ್ಲಿ ತೇರು. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.